ಕಂಪನಿ ನೆಟ್‌ವರ್ಕ್‌ಗೆ ಯಾವ ಆ್ಯಪ್ ಹೋಗಬೇಕು: ವಿಂಡೋಸ್ ಫೈರ್‌ವಾಲ್‌ನಲ್ಲಿ ಹಿಡಿತ ಸಾಧಿಸುವ ಬಗೆ

ಬೇಡದ ಆ್ಯಪ್‌ಗಳನ್ನು ಹುಡುಕಿ ಹುಡುಕಿ ತಡೆಯುವ ಕೆಲಸ ಮುಗಿಯುವುದೇ ಇಲ್ಲ. ಬೇಕಾದವಕ್ಕೆ ಮಾತ್ರ ಅನುಮತಿ ಕೊಟ್ಟು ಉಳಿದದ್ದನ್ನೆಲ್ಲ ಮುಚ್ಚಿಡಿ. ವಿಂಡೋಸ್ ಫೈರ್‌ವಾಲ್ ಡಿಫಾಲ್ಟ್ ಆಗಿ ಒಳಬರುವ ಸಂಪರ್ಕವನ್ನಷ್ಟೇ ತಡೆಯುತ್ತದೆ, ಹೊರಹೋಗುವುದಕ್ಕೆ ತಡೆಯಿಲ್ಲ. ಬದಲಿಸಬೇಕಾದದ್ದು ಇದನ್ನೇ, ಆದರೆ ಮೊದಲ ದಿನವೇ ಅಲ್ಲ.

ಮೊದಲು ಯಾವ ಆ್ಯಪ್ ಎಲ್ಲಿಗೆ ಹೋಗುತ್ತಿದೆ ಎಂದು ನೋಡಿ. ಪ್ರತಿ ವಿಭಾಗದಿಂದ ಒಂದೆರಡು ಕಂಪ್ಯೂಟರ್ ಆರಿಸಿಕೊಂಡು, ಗ್ರೂಪ್ ಪಾಲಿಸಿಯ (ಕಂಪನಿಯ ಕಂಪ್ಯೂಟರ್‌ಗಳಿಗೆ ಒಂದೇ ಕಡೆಯಿಂದ ಸೆಟ್ಟಿಂಗ್ ಕಳಿಸುವ ವ್ಯವಸ್ಥೆ) ಅಡ್ವಾನ್ಸ್ಡ್ ಆಡಿಟ್ ಪಾಲಿಸಿಯಲ್ಲಿ ಆಬ್ಜೆಕ್ಟ್ ಆಕ್ಸೆಸ್ ಕೆಳಗಿರುವ ‘ಆಡಿಟ್ ಫಿಲ್ಟರಿಂಗ್ ಪ್ಲಾಟ್‌ಫಾರ್ಮ್ ಕನೆಕ್ಷನ್’ ಆನ್ ಮಾಡಿ. ಸೆಕ್ಯೂರಿಟಿ ಲಾಗ್‌ನಲ್ಲಿ ಬಿಟ್ಟ ಸಂಪರ್ಕಕ್ಕೆ 5156, ತಡೆದದ್ದಕ್ಕೆ 5157 ಎಂಬ ಈವೆಂಟ್ ಬೀಳುತ್ತದೆ. ಒಂದನ್ನು ತೆರೆದರೆ ಪ್ರೋಗ್ರಾಂನ ಪೂರ್ತಿ ಪಾಥ್ (ಅದರ ಫೈಲ್ ಇರುವ ಜಾಗ), ಅದು ಹೋದ ಐಪಿ ವಿಳಾಸ, ಪೋರ್ಟ್ ಎಲ್ಲ ಕಾಣುತ್ತದೆ. 5156 ಮಳೆಯಂತೆ ಸುರಿಯುತ್ತದೆ. ಲಾಗ್‌ನ ಗಾತ್ರ ಏರಿಸದಿದ್ದರೆ ಬೆಳಗಿನದು ಸಂಜೆಗೆ ಉಳಿದಿರುವುದಿಲ್ಲ. ಕನಿಷ್ಠ ಒಂದು ತಿಂಗಳು ಕಾಯಿರಿ: ಸಂಬಳ, ಲೆಕ್ಕಪತ್ರದ ಕೆಲವು ಸಾಫ್ಟ್‌ವೇರ್ ತಿಂಗಳ ಕೊನೆಗೆ ಮಾತ್ರ ಸರ್ವರ್ ಮುಟ್ಟುತ್ತವೆ.

ಆಮೇಲೆ ಔಟ್‌ಬೌಂಡ್ ಅಲೋ ರೂಲ್‌ಗಳು, ಅಂದರೆ ಹೊರಹೋಗುವ ಸಂಪರ್ಕಕ್ಕೆ ಅನುಮತಿ ಕೊಡುವ ನಿಯಮಗಳು. ಆ್ಯಪ್‌ನ ಪಾಥ್ ಜೊತೆಗೆ ಅದಕ್ಕೆ ಬೇಕಾದ ಪೋರ್ಟ್, ಸರ್ವರ್ ವಿಳಾಸವನ್ನೂ ಕೊಡಿ. ಒಂದೇ ಸಂಪರ್ಕಕ್ಕೆ ಅಲೋ, ಬ್ಲಾಕ್ ಎರಡೂ ಇದ್ದರೆ ಸಾಮಾನ್ಯವಾಗಿ ಬ್ಲಾಕ್‌ಗೇ ಮೇಲುಗೈ. ಪಾಥ್‌ನಲ್ಲಿ ಯೂಸರ್‌ಪ್ರೊಫೈಲ್ ವೇರಿಯೇಬಲ್ (ಆಯಾ ಬಳಕೆದಾರರ ಫೋಲ್ಡರ್ ಅನ್ನು ಸೂಚಿಸುವ %USERPROFILE%) ಹಾಕಬೇಡಿ; ಫೈರ್‌ವಾಲ್ ಸೇವೆಗೆ ಯಾವ ಬಳಕೆದಾರ ಎಂಬುದು ಗೊತ್ತಾಗದೆ ರೂಲ್ ಕೆಲಸ ಮಾಡುವುದಿಲ್ಲ. ಬಳಕೆದಾರರ ಫೋಲ್ಡರಿನಲ್ಲಿ ಕೂರುವ ಆ್ಯಪ್‌ಗಳು ಅಪ್‌ಡೇಟ್ ಆದಾಗ ಫೋಲ್ಡರ್ ಹೆಸರೂ ಬದಲಾಗಬಹುದು. ಅವನ್ನು ಪ್ರೋಗ್ರಾಂ ಫೈಲ್ಸ್‌ಗೇ ಇನ್‌ಸ್ಟಾಲ್ ಮಾಡಿಸಿ. ಅಲ್ಲಿ ಅಡ್ಮಿನ್ ಬಿಟ್ಟು ಬೇರೆಯವರು ಫೈಲ್ ಬದಲಿಸುವಂತಿಲ್ಲ, ಹಾಗಾಗಿ ಅದೇ ಹೆಸರಿನ ನಕಲಿಯನ್ನು ತಂದಿಡುವುದಕ್ಕೂ ಆಗುವುದಿಲ್ಲ.

ನಿಜವಾದ ಅಪಾಯ ಇಲ್ಲಿದೆ. ಇನ್‌ಸ್ಟಾಲರ್‌ಗಳು ತಾವೇ ಸೇರಿಸಿಕೊಂಡ ರೂಲ್‌ಗಳು ಲೆಕ್ಕಕ್ಕೆ ಬರದಂತೆ ಲೋಕಲ್ ರೂಲ್‌ಗಳ (ಆಯಾ ಕಂಪ್ಯೂಟರಿನಲ್ಲೇ ಇರುವ ರೂಲ್‌ಗಳ) ವಿಲೀನವನ್ನು ಗ್ರೂಪ್ ಪಾಲಿಸಿಯಲ್ಲಿ ‘ನೋ’ ಮಾಡುತ್ತೀರಿ. ಅದರೊಂದಿಗೆ ನೆಟ್‌ವರ್ಕ್ ನಡೆಯುವುದಕ್ಕೇ ಬೇಕಾದ, ವಿಂಡೋಸ್‌ನದೇ ‘ಕೋರ್ ನೆಟ್‌ವರ್ಕಿಂಗ್’ ರೂಲ್‌ಗಳೂ ಹೋಗುತ್ತವೆ. ಅವನ್ನು ಗ್ರೂಪ್ ಪಾಲಿಸಿಗೆ ಮೊದಲೇ ಸೇರಿಸಿ. ಡಿಎನ್‌ಎಸ್‌ನ 53, ಕರ್ಬೆರೋಸ್‌ನ 88, ಎಲ್‌ಡ್ಯಾಪ್‌ನ 389, ಎಸ್‌ಎಂಬಿಯ 445, ಆರ್‌ಪಿಸಿಯ 135 ಪೋರ್ಟ್‌ಗಳು ಡೊಮೈನ್ ಕಂಟ್ರೋಲರ್‌ಗೆ (ಲಾಗಿನ್, ಗ್ರೂಪ್ ಪಾಲಿಸಿ ನೋಡಿಕೊಳ್ಳುವ ಕಂಪನಿಯ ಸರ್ವರ್‌ಗೆ) ತೆರೆದಿವೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ಈ ದಾರಿ ಮುಚ್ಚಿದರೆ, ತಪ್ಪನ್ನು ಸರಿಪಡಿಸುವ ಪಾಲಿಸಿಯೂ ಆ ಕಂಪ್ಯೂಟರಿಗೆ ತಲುಪುವುದಿಲ್ಲ. ಒಂದೊಂದರ ಮುಂದೆಯೂ ಹೋಗಿ ಕೂರಬೇಕಾಗುತ್ತದೆ.

ಡೊಮೈನ್ ಪ್ರೊಫೈಲ್‌ನ (ಕಂಪ್ಯೂಟರ್ ಕಂಪನಿ ನೆಟ್‌ವರ್ಕ್‌ನಲ್ಲಿದ್ದಾಗ ಅನ್ವಯಿಸುವ ಸೆಟ್ಟಿಂಗ್) ಔಟ್‌ಬೌಂಡ್ ‘ಬ್ಲಾಕ್’ ಆದ ದಿನ, ಅದೇ ಕೆಲವು ಕಂಪ್ಯೂಟರ್‌ಗಳಲ್ಲಿ 5157 ನೋಡುತ್ತಾ ಇರಿ. ಮನೆಯಿಂದ ಕೆಲಸ ಮಾಡುವವರ ಲ್ಯಾಪ್‌ಟಾಪ್ ಇದ್ದರೆ ಪಬ್ಲಿಕ್, ಪ್ರೈವೇಟ್ ಪ್ರೊಫೈಲ್‌ಗಳಿಗೂ ಇದೇ ರೂಲ್ ಬೇಕು.