ಸ್ಟ್ರೋಕ್ ಸಂಶೋಧನೆ ಮತ್ತು 90ನೇ ದಿನದ ಫೋನ್

ಎಂಬಿಬಿಎಸ್ ಆದಮೇಲೆ ಮೂರು ವರ್ಷ ಜನರಲ್ ಮೆಡಿಸಿನ್ ಎಂಡಿ, ಆಮೇಲೆ ಮೂರು ವರ್ಷ ನ್ಯೂರಾಲಜಿ ಡಿಎಂ. ಪರೀಕ್ಷೆಗಳ ಕಾಟ ಬಿಟ್ಟರೆ ದಾರಿ ಇಷ್ಟೇ. ನಾನು ಸ್ಟ್ರೋಕ್, ಅಂದರೆ ಲಕ್ವಾದ ಕಡೆ ವಾಲಿದ್ದು 2015ರಲ್ಲಿ. ತೊಡೆಯ ರಕ್ತನಾಳದಿಂದ ಕ್ಯಾತಿಟರ್ ಎಂಬ ತೆಳು ಕೊಳವೆ ತೂರಿಸಿ, ಮೆದುಳಿನ ದೊಡ್ಡ ನಾಳದಲ್ಲಿ ಸಿಕ್ಕಿಕೊಂಡ ಹೆಪ್ಪನ್ನು ಎಳೆದು ತೆಗೆದರೆ ನಿಜಕ್ಕೂ ಉಪಯೋಗವಿದೆ ಎಂದು ಆ ಒಂದೇ ವರ್ಷ ಐದು ಟ್ರಯಲ್‌ಗಳು (ಚಿಕಿತ್ಸೆಯನ್ನು ರೋಗಿಗಳಲ್ಲೇ ಪರೀಕ್ಷಿಸುವ ಅಧ್ಯಯನಗಳು) ತೋರಿಸಿದವು. ಅಲ್ಲಿಯವರೆಗೆ ನಮ್ಮ ಕೈಯಲ್ಲಿ ಇದ್ದದ್ದು ಹೆಪ್ಪು ಕರಗಿಸುವ ಇಂಜೆಕ್ಷನ್, ಅದೂ ನಾಲ್ಕೂವರೆ ಗಂಟೆಯೊಳಗೆ.

ಸಂಶೋಧನೆ ಅಂದರೆ ಲ್ಯಾಬು, ಮೈಕ್ರೋಸ್ಕೋಪು ಅಂದುಕೊಳ್ಳುತ್ತಾರೆ. ನನ್ನದು ಬರೀ ಫಾರಂ ಮತ್ತು ಫೋನ್.

ಮೊದಲ ಪ್ರಶ್ನೆ ತುರ್ತು ವಿಭಾಗದಲ್ಲೇ ಕೇಳಬೇಕು. "ಎಷ್ಟೊತ್ತಿಗೆ ಲಕ್ವಾ ಹೊಡೀತು?" ಅಂದರೆ "ಬೆಳಗ್ಗೆ ಏಳೋವಾಗ" ಅನ್ನುತ್ತಾರೆ. ನಮಗೆ ಅದು ಸಾಲದು. ಕೊನೆಗೆ ಚೆನ್ನಾಗಿದ್ದದ್ದನ್ನು ನೋಡಿದ್ದು ಯಾವಾಗ? ರಾತ್ರಿ ಬಾತ್‌ರೂಮಿಗೆ ಎದ್ದಿದ್ದರಾ? ಗಡಿಯಾರ ಓಡುವುದು ಅಲ್ಲಿಂದ.

ಆದರೆ ಕಷ್ಟದ ಕೆಲಸ ಸ್ಟ್ರೋಕ್ ಆದ 90ನೇ ದಿನದ್ದು: ಮನೆಗೆ ಫೋನ್ ಮಾಡಿ ರೋಗಿ ಹೇಗಿದ್ದಾರೆ ಎಂದು ಅಳೆಯುವುದು. ಸ್ಟ್ರೋಕ್ ಟ್ರಯಲ್‌ಗಳ ಫಲಿತಾಂಶ ಹೆಚ್ಚಾಗಿ ನಿಂತಿರುವುದು ರ‍್ಯಾಂಕಿನ್ ಎಂಬ ಅಳತೆಯ ಮೇಲೆ. 0 ಅಂದರೆ ಏನೂ ತೊಂದರೆ ಇಲ್ಲ, 6 ಅಂದರೆ ಸಾವು. ಸಾಮಾನ್ಯವಾಗಿ 2ರವರೆಗೆ, ಅಂದರೆ ತಮ್ಮ ಕೆಲಸ ತಾವೇ ನೋಡಿಕೊಳ್ಳುವಂತೆ ಇದ್ದರೆ ಒಳ್ಳೆಯ ಫಲಿತಾಂಶ. 3 ಅಂದರೆ ನಡೆಯಬಲ್ಲರು, ಆದರೆ ದಿನದ ಕೆಲಸಕ್ಕೆ ಒಬ್ಬರ ಸಹಾಯ ಬೇಕು. ನಮ್ಮ ಮನೆಗಳಲ್ಲಿ ಈ 2 ಮತ್ತು 3ರ ನಡುವಿನ ಗೆರೆ ಎಳೆಯುವುದು ಬಹಳ ಕಷ್ಟ.

"ಅಜ್ಜಿ ಹೇಗಿದ್ದಾರೆ?" "ಆರಾಮಿದ್ದಾರೆ ಸಾರ್." "ಸ್ನಾನ?" "ನಾನೇ ಮಾಡಿಸ್ತೀನಿ" ಎನ್ನುತ್ತಾರೆ ಸೊಸೆ. ಅಜ್ಜಿಗೆ ಆಗುವುದಿಲ್ಲವೋ, ಇವರು ಬಿಡುವುದಿಲ್ಲವೋ? ಹಾಗಾಗಿ ನಾನು ಕೇಳುವುದು: "ನೀವು ಎರಡು ದಿನ ತವರಿಗೆ ಹೋದ್ರೆ ಅವರು ಏನ್ಮಾಡ್ತಾರೆ?" ಆಗ ನಿಜ ಹೊರಬೀಳುತ್ತದೆ. ಒಮ್ಮೊಮ್ಮೆ ಅಜ್ಜಿಯೇ ಫೋನ್ ಕಸಿದುಕೊಂಡು ಉತ್ತರ ಕೊಟ್ಟದ್ದೂ ಉಂಟು!

ಮನೆಯವರಿಗೇ ತರಬೇತಿ ಕೊಟ್ಟು ವ್ಯಾಯಾಮ ಮಾಡಿಸಿದರೆ ಹೇಗೆ ಎಂದು ಭಾರತದ 14 ಆಸ್ಪತ್ರೆಗಳಲ್ಲಿ 'ಅಟೆಂಡ್' ಎಂಬ ಟ್ರಯಲ್ ನಡೆಯಿತು. 2017ರಲ್ಲಿ ಬಂದ ಉತ್ತರ: ಮಾಮೂಲಿ ಆರೈಕೆಗಿಂತ ಲಾಭ ಕಾಣಲಿಲ್ಲ. ಬೇಜಾರಾಯಿತು, ನಿಜ. ಆದರೆ ಇಂಥ 'ಇಲ್ಲ' ಎಂಬ ಉತ್ತರಗಳಿಗೂ ಅಷ್ಟೇ ಬೆಲೆ ಇದೆ ಅನ್ನುವುದು ನನ್ನ ಅಭಿಪ್ರಾಯ. ಸುಮ್ನೆ ದುಡ್ಡು, ಶ್ರಮ ಸುರಿಯುವುದು ತಪ್ಪುತ್ತದೆ.

ಇನ್ನೊಂದು ಪೇಚು. ಔಷಧದ ಟ್ರಯಲ್ ಆದರೆ, ರೋಗಿಗೆ ಯಾವುದು ಸಿಕ್ಕಿತ್ತು ಎಂದು ಫೋನ್ ಮಾಡುವವರಿಗೆ ಗೊತ್ತಿರಬಾರದು. ಗೊತ್ತಾದರೆ ಅಂಕ ಕೊಡುವಾಗ ಮನಸ್ಸು ವಾಲುತ್ತದೆ, ಅಲ್ವಾ? ಆದ್ದರಿಂದ ಮಾತು ಶುರುವಾಗುವ ಮುಂಚೆಯೇ "ಯಾವ ಇಂಜೆಕ್ಷನ್ ಅಂತ ದಯವಿಟ್ಟು ಹೇಳ್ಬೇಡಿ" ಎಂದು ಕೇಳಿಕೊಳ್ಳುತ್ತೇವೆ. ಆದರೂ ಕೆಲವರು ಕೃತಜ್ಞತೆಯಿಂದಲೇ "ಆ ಹೊಸಾದು ಕೊಟ್ರಲ್ಲ ಸಾರ್" ಎಂದುಬಿಡುತ್ತಾರೆ. ಆಗ ಫಾರಂ ಬೇರೆಯವರ ಕೈಗೆ ಹೋಗುತ್ತದೆ. ಅವರು ಮೊದಲಿನಿಂದ ಫೋನ್ ಮಾಡಬೇಕು.