ಬೆಂಗ್ರೆ ಹೊಯ್ಗೆಯಲ್ಲಿ ಒಣ ಟಾಯ್ಲೆಟ್: ನನ್ನ ಅನುಭವ

ಟೆಂಟ್ ಹಾಕ್ಲಿಕ್ಕೆ ಎಲ್ರಿಗೂ ಬರ್ತದೆ, ಕಡಲಬದಿ ಕ್ಯಾಂಪ್ ನಡೆಸುವವರ ನಿಜವಾದ ತಲೆಬಿಸಿ ಟಾಯ್ಲೆಟ್. ನಮ್ಮ ಜಾಗ ಉಡುಪಿ ಹತ್ರ ಹೂಡೆಯಿಂದ ಕೋಡಿಬೆಂಗ್ರೆಗೆ ಹೋಗುವ ದಾರಿಯಲ್ಲಿ, ಪಡುವಕ್ಕೆ ಸಮುದ್ರ, ಮೂಡಕ್ಕೆ ಸ್ವರ್ಣಾ ಹೊಳೆ, ನಡುವೆ ಸ್ವಲ್ಪ ತೆಂಗಿನ ತೋಟ. ಹೊಯ್ಗೆ ಅಂದ್ರೆ ಮರಳು, ನಾಲ್ಕಡಿ ತೋಡಿದ್ರೆ ನೀರು. ಅಲ್ಲಿ ಟಾಯ್ಲೆಟ್ ಗುಂಡಿಗೆ ಸಿಮೆಂಟ್ ರಿಂಗ್ ಇಳಿಸಿದ್ರೆ ಗಲೀಜೆಲ್ಲ ಸೀದಾ ಬಾವಿಗೆ, ನಮ್ಮದಕ್ಕೂ ನೆರೆಮನೆಯವರದ್ದಕ್ಕೂ. ಮೇಸ್ತ್ರಿ ಮಾತ್ರ "ಎಂತ ಆಗುದಿಲ್ಲ ಮಾರಾಯ್ರೆ, ಎಲ್ರೂ ಹಾಗೇ ಮಾಡುದು" ಅಂದ್ರು. ಸೋರದ ಟ್ಯಾಂಕ್ ಬೇಕಾದ್ರೆ ಒಂದೂವರೆ ಲಕ್ಷದ ಹತ್ರ, ಮತ್ತೆ ಅದನ್ನು ಖಾಲಿ ಮಾಡುವ ಗಾಡಿಯ ಬಾಡಿಗೆ ಬೇರೆ. ನೀರು ಹೊಯ್ಯದೆ, ಮೇಲಿಂದ ಹುಡಿ ಹಾಕಿ ಮುಚ್ಚುವ ಒಣ ಟಾಯ್ಲೆಟ್ ಮಾಡ್ತೇನೆ ಅಂದದ್ದಕ್ಕೆ ನಮ್ಮ ಭಾವನವರೇ "ವಾಸನೆಗೆ ಗೆಸ್ಟ್ ರಾತ್ರಿಯೇ ಓಡ್ತಾರೆ ನೋಡು" ಅಂದಿದ್ರು.

ಮೊದಲ ಸೀಸನ್ ಅವರು ಹೇಳಿದ ಹಾಗೇ ಆಯ್ತು. ಮಿಲ್ಲಿಂದ ಮರದ ಹುಡಿ ತಂದು ಮೇಲಿಂದ ಹಾಕುದು, ಬಯಲುಸೀಮೆಯಲ್ಲಿ ಅದು ನಡೀತದೆ, ಆದ್ರೆ ನಮ್ಮ ಕಡಲಗಾಳಿಗೆ ಹುಡಿ ಗೋಣಿಯಲ್ಲೇ ಒದ್ದೆಯಾಗಿ ಮುದ್ದೆ ಕಟ್ತದೆ, ಎರಡು ವಾರದಲ್ಲಿ ಹುಳ. ಬರೀ ಬೂದಿ ಹಾಕಿದೆ, ಅದು ಸಿಮೆಂಟಿನ ಹಾಗೆ ಗಟ್ಟಿಯಾಯ್ತು. ಗೆಸ್ಟಿಗೆ ದುಡ್ಡು ವಾಪಸ್ ಕೊಟ್ಟದ್ದೇ ಎಂಟೊಂಬತ್ತು ಸಾವಿರ ಆಗಿರ್ಬೇಕು.

ಸರಿಯಾದದ್ದು ಮೂರು ತೂತಿನ ಪ್ಯಾನ್ ಹಾಕಿದ ಮೇಲೆ. ಮಲ ಕೆಳಗೆ, ಮೂತ್ರ ಪೈಪಲ್ಲಿ ಕ್ಯಾನಿಗೆ, ತೊಳೆದ ನೀರು ಬೇರೆ ಕಡೆಗೆ. ಇದು ಮೂರೂ ಒಟ್ಟು ಸೇರಿದ್ರೆನೇ ನಾತ, ಬೇರೆ ಬೇರೆ ಇದ್ರೆ ನೀವು ಒಳಗೆ ಕೂತು ಪೇಪರ್ ಓದ್ಬಹುದು. ಗುಂಡಿ ತೋಡ್ಲೇ ಇಲ್ಲ, ಮಲ ಬೀಳ್ಲಿಕ್ಕೆ ನೆಲದ ಮೇಲೆ ಕೆಂಪುಕಲ್ಲಲ್ಲಿ ಎರಡು ಕೋಣೆ ಕಟ್ಟಿ ಅಡಿಗೆ ಕಾಂಕ್ರೀಟ್ ಹಾಕಿ, ಮೇಲೆ ಮಡಲಿನ (ತೆಂಗಿನ ಗರಿಯ) ತಟ್ಟಿ. ಮೇಲಿಂದ ಹಾಕ್ಲಿಕ್ಕೆ ಈಗ ತೆಂಗಿನ ನಾರಿನ ಹುಡಿ, ಟಾರ್ಪಾಲಲ್ಲಿ ನಾಲ್ಕು ಬಿಸಿಲು ಒಣಗಿಸಿ ಮುಚ್ಚಳದ ಡ್ರಮ್ಮಲ್ಲಿ ಇಡುದು, ಜೊತೆಗೆ ಬೂದಿ. ಎಷ್ಟಕ್ಕೆ ಎಷ್ಟು ಅಂತ ಕೇಳ್ಬೇಡಿ, ಇನ್ನೊಂದು ಸೊಪ್ಪೂ ಬೀಳ್ತದೆ, ಅದು ನನ್ನ ಹತ್ರವೇ ಇರ್ಲಿ.

ವಾಸನೆ ಹೋಗ್ಲಿಕ್ಕೆ ನಾಲ್ಕಿಂಚಿನ ಪೈಪಿಗೆ ಕಪ್ಪು ಬಣ್ಣ ಕೊಟ್ಟು ಆ ಕೋಣೆಯಿಂದ ಮಾಡಿಗಿಂತ ಮೇಲಕ್ಕೆ ತಂದಿದ್ದೇನೆ, ಬಿಸಿಲಿಗೆ ಪೈಪ್ ಕಾದು ಗಾಳಿ ಮೇಲೆ ಎಳೀತದೆ. ಅದ್ರ ಬಾಯಿಗೆ ಕಬ್ಬಿಣದ ಬಲೆ ಬೇಡ, ಉಪ್ಪುಗಾಳಿಗೆ ಬೆರಳು ತಾಗಿಸಿದ್ರೆ ಹುಡಿಯಾಗಿ ಬೀಳ್ತದೆ, ನೊಣ ಎಲ್ಲ ಒಳಗೆ. ನೈಲಾನ್ ಹಾಕಿ.

ತೊಳೆದ ನೀರಿಗೆ ದಪ್ಪ ಪ್ಲಾಸ್ಟಿಕ್ ಹಾಸಿ ಜಲ್ಲಿ ತುಂಬಿದ ತೊಟ್ಟಿ, ಅದ್ರಲ್ಲಿ ಕ್ಯಾನಾ ಅನ್ನುವ ಹೂವಿನ ಗಿಡ. ಸ್ನಾನದ ನೀರು ಬಾಳೆಬುಡಕ್ಕೆ. ಅಲ್ಲಿ ಕೆಸು ನೆಟ್ಟು ನೋಡಿದೆ, ಚಂದ ಬಂತು, ಸೋಪಿನ ನೀರಲ್ಲಿ ಬೆಳೆದದ್ದು ಅಂತ ಮನೆಯಲ್ಲಿ ಕೆಸುವಿನ ಎಲೆಯ ಪತ್ರೊಡೆಗೆ ಮಾತ್ರ ಯಾರೂ ಒಪ್ಲಿಲ್ಲ. ಮೂತ್ರಕ್ಕೆ ಹತ್ತು ಪಾಲು ನೀರು ಸೇರಿಸಿ ತೆಂಗಿಗೆ.

ಪ್ಯಾನ್, ಕಲ್ಲು, ಕೂಲಿ ಎಲ್ಲ ಸೇರಿ ಇಪ್ಪತ್ತಮೂರು-ಇಪ್ಪತ್ತನಾಲ್ಕು ಸಾವಿರದ ಒಳಗೆ ಮುಗಿದಿದೆ. ಒಂದು ಕೋಣೆ ತುಂಬಿದ್ರೆ ಅದನ್ನು ಮುಚ್ಚಿ ಒಂದು ವರ್ಷ ಮುಟ್ಲಿಕ್ಕಿಲ್ಲ, ಅಷ್ಟರವರೆಗೆ ಇನ್ನೊಂದು. ಹೋದ ಸಲ ಮುಚ್ಚಿದ್ದನ್ನು ತೆಗೆದಾಗ ಕಪ್ಪು ಮಣ್ಣು, ಕೈಯಲ್ಲಿ ಹಿಡಿದ್ರೆ ಉದುರ್ತಿತ್ತು, ಮೂಗಿಗೆ ಹತ್ರ ತಂದ್ರೂ ಎಂತದೂ ಇಲ್ಲ. ತರಕಾರಿಗೆ ಹಾಕುದಿಲ್ಲ, ತೆಂಗಿನ ಬುಡಕ್ಕೆ ಮಾತ್ರ. ಭಾವನವರು ಬಂದು ನೋಡಿ, ಅವರ ತೋಟಕ್ಕೂ ಎರಡು ಗೋಣಿ ಕೇಳಿದ್ದಾರೆ.