ಬಲಗಡೆ ಮುಂದಿನ ಚಕ್ರದ ಕರಕರ: ನನ್ನ ಅನುಭವ

ಮೊನ್ನೆ ಶಿರಾಡಿ ಘಾಟಿ ಇಳಿದು ಗುಂಡ್ಯದಲ್ಲಿ ಕಾರು ನಿಲ್ಲಿಸಿ, ಮುಂದಿನ ಎರಡೂ ಬ್ರೇಕ್ ಡಿಸ್ಕ್‌ಗೆ ಟೆಂಪರೇಚರ್ ಗನ್ ಹಿಡಿದೆ. ಎಡಗಡೆ 95 ಡಿಗ್ರಿ, ಬಲಗಡೆ 100ರ ಆಸುಪಾಸು. ಎರಡು ವರ್ಷದ ಹಿಂದೆ ಇದೇ ಜಾಗದಲ್ಲಿ ಬಲಗಡೆ 200 ದಾಟಿತ್ತು. ಅಲ್ಲಿಂದ ಇಲ್ಲಿಗೆ ಸುಮಾರು 22 ಸಾವಿರ ಕಿಲೋಮೀಟರ್ ಓಡಿಸಿದ್ದೇನೆ, ಕರಕರ ಸದ್ದು ಮತ್ತೆ ಬಂದಿಲ್ಲ. ಪ್ಯಾಡ್‌ಗಳನ್ನು ಡಿಸ್ಕ್‌ಗೆ ಅದುಮುವ ಕ್ಯಾಲಿಪರ್ ಪೂರ್ತಿ ಬದಲಾಯಿಸದೆ ಇದು ಹೋಗೋದೇ ಇಲ್ಲ ಅಂತ ಮೂರು ಜನ ಹೇಳಿದ್ದರು. ಅದಕ್ಕೇ ಬರೆಯುತ್ತಿದ್ದೇನೆ.

ಕಾರು 2011ರ ಸಣ್ಣ ಹ್ಯಾಚ್‌ಬ್ಯಾಕ್. ಮುಂದೆ ಡಿಸ್ಕ್, ಹಿಂದೆ ಡ್ರಮ್. ನಾನಿರುವುದು ಸಕಲೇಶಪುರದ ಕಡೆ, ತಿಂಗಳಿಗೆ ಎರಡು ಸಲವಾದರೂ ಮಂಗಳೂರಿಗೆ ಇಳಿಯಬೇಕು. ಮಳೆಗಾಲದಲ್ಲಿ ಬೆಳಿಗ್ಗೆ ಮೊದಲ ಎರಡು ಮೂರು ಬ್ರೇಕಿಗೆ ಗರಗರ ಅನ್ನುವುದು ನಮಗೆಲ್ಲ ಗೊತ್ತು. ಅದು ರಾತ್ರಿ ಹಿಡಿದ ತುಕ್ಕು, ತಾನೇ ಉಜ್ಜಿ ಹೋಗುತ್ತದೆ. ನನ್ನದು ಹೋಗಲಿಲ್ಲ. ಪೆಡಲ್ ಒತ್ತಿದಾಗೆಲ್ಲ ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಸದ್ದು. ಕಾಲಿನಡಿಯಲ್ಲೂ ಅದು ಗೊತ್ತಾಗುತ್ತಿತ್ತು.

ಮೊದಲ ಗ್ಯಾರೇಜಿನಲ್ಲಿ ಪ್ಯಾಡ್ ಹಾಕಿದರು, ಡಿಸ್ಕ್ ಲೇತ್‌ಗೆ ಕೊಟ್ಟು ನೈಸ್ ಮಾಡಿಸಿದರು. ಹೆಚ್ಚುಕಡಿಮೆ 2,400 ರೂಪಾಯಿ. 9 ಸಾವಿರ ಕಿಲೋಮೀಟರಿಗೆ ಸದ್ದು ವಾಪಸ್. ಎರಡನೇ ಕಡೆ ವೀಲ್ ಬೇರಿಂಗ್ ಅಂದರು. ಬೇರಿಂಗ್ ಸದ್ದಾದರೆ ಬ್ರೇಕ್ ಒತ್ತದಿದ್ದರೂ ಬರಬೇಕು, ತಿರುವಿನಲ್ಲಿ ಏರಿಳಿಯಬೇಕು ಅಲ್ವಾ? ಅಂದು ನಾನು ಅಷ್ಟು ವಾದ ಮಾಡಲಿಲ್ಲ. 2,600 ಹೋಯಿತು. ಸದ್ದು ಹಾಗೇ ಇತ್ತು. ಮತ್ತೆ ಹೊಸ ಪ್ಯಾಡ್, ಜೊತೆಗೆ ಎರಡೂ ಡಿಸ್ಕ್. ಲೇತ್‌ಗೆ ಕೊಟ್ಟ ಡಿಸ್ಕ್, ಅದರ ಮೇಲೆಯೇ ಅಚ್ಚೊತ್ತಿರುವ ಕನಿಷ್ಠ ದಪ್ಪಕ್ಕಿಂತ ತೆಳ್ಳಗಾಗಿತ್ತು. ಅಲ್ಲಿಗೆ 4 ಸಾವಿರ. ಈ ಪ್ಯಾಡ್ 6 ಸಾವಿರ ಕಿಲೋಮೀಟರೂ ಬಾಳಲಿಲ್ಲ. ಎಲ್ಲ ಸೇರಿ ಹತ್ತಿರ ಹತ್ತಿರ 9 ಸಾವಿರ ನೀರಲ್ಲಿ ಹೋಮ.

ಆ ಮೂರನೇ ಸಲ ಬಿಚ್ಚಿದ ಪ್ಯಾಡ್‌ಗಳನ್ನು ಕೇಳಿ ಮನೆಗೆ ತಂದೆ. ಇದನ್ನು ಮೊದಲೇ ಮಾಡಬೇಕಿತ್ತು. ಬಲಗಡೆಯ ಒಳಪ್ಯಾಡ್ ಹಿಂದಿನ ತಗಡಿನವರೆಗೆ ಸವೆದಿತ್ತು. ಹೊರಪ್ಯಾಡ್‌ನಲ್ಲಿ ಇನ್ನೂ 7 ಮಿಲಿಮೀಟರ್ ಮಾಲು ಇತ್ತು. ಎಡಗಡೆ ಎರಡೂ ಸಮ. ಒಂದೇ ಕ್ಯಾಲಿಪರಿನಲ್ಲಿ ಇಷ್ಟು ವ್ಯತ್ಯಾಸ ಇದ್ದರೆ ಹೆಚ್ಚಾಗಿ ಕ್ಯಾಲಿಪರ್ ಜಾರುತ್ತಿಲ್ಲ ಅಂತ ಅರ್ಥ. ಮುಂದಿನ ಚಕ್ರ ಒಂದೊಂದಾಗಿ ಜಾಕ್ ಮೇಲೆತ್ತಿ, ನ್ಯೂಟ್ರಲ್‌ನಲ್ಲಿ ಕೈಯಿಂದ ಜೋರಾಗಿ ತಿರುಗಿಸಿದೆ. ಎಡಗಡೆಯದು ಒಂದೂವರೆ ಸುತ್ತು ಹೋಯಿತು. ಬಲಗಡೆಯದು ಕಾಲು ಸುತ್ತಿಗೇ ನಿಂತಿತು.

ಕ್ಯಾಲಿಪರ್ ಎತ್ತಿದಾಗ, ಅದು ಜಾರಾಡುವ ಎರಡು ಪಿನ್‌ಗಳಲ್ಲಿ ಮೇಲಿನ ಸ್ಲೈಡ್ ಪಿನ್ ಬೆಣ್ಣೆಯ ಹಾಗೆ ಬಂತು. ತುದಿಯಲ್ಲಿ ರಬ್ಬರ್ ಇರುವ ಕೆಳಗಿನ ಪಿನ್ ಜಪ್ಪಯ್ಯ ಅಂದರೂ ಕದಲಲಿಲ್ಲ. ಪೆನೆಟ್ರೇಟಿಂಗ್ ಆಯಿಲ್ ಹೊಡೆದು ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಸ್ಪ್ಯಾನರ್ ಹಿಡಿದು ಆಕಡೆ ಈಕಡೆ ತಿರುಗಿಸುತ್ತಾ ಮುಕ್ಕಾಲು ಗಂಟೆ ಎಳೆದೆ. ಬಂತು. ಮರಳು ಕಾಗದದಲ್ಲಿ ಉಜ್ಜಿ, ಮನೆಯಲ್ಲಿದ್ದ ಬೇರಿಂಗ್ ಗ್ರೀಸ್ ಬಳಿದು ಹಾಕಿದೆ. ಮೂರು ತಿಂಗಳು ಸುಖ. ಆಮೇಲೆ ಅದೇ ಪಿನ್ ಮತ್ತೆ ಹಿಡಿದುಕೊಂಡಿತು.

ಇಡೀ ಕಥೆಯ ಗುಟ್ಟು ಇಲ್ಲಿದೆ. ಪೆಟ್ರೋಲಿಯಂ ಗ್ರೀಸ್ ತಾಗಿದರೆ ಆ ರಬ್ಬರ್ ಊದಿಕೊಳ್ಳುತ್ತದೆ. ಊದಿದ ರಬ್ಬರ್ ತೂತಿನೊಳಗೆ ಬಿರಡೆಯ ಹಾಗೆ ಕೂರುತ್ತದೆ. ಹಳೇ ರಬ್ಬರನ್ನು ಹೊಸದರ ಪಕ್ಕ ಇಟ್ಟಾಗ ದಪ್ಪದ ವ್ಯತ್ಯಾಸ ಬರಿಗಣ್ಣಿಗೇ ಕಂಡಿತು. ನಾನು ಹಾಕಿದ ಗ್ರೀಸ್ ಮಾಡಿದ್ದು ಇದನ್ನೇ. ನನಗಿಂತ ಮೊದಲು ಯಾರೋ ಅದೇ ಕೆಲಸ ಮಾಡಿದ್ದಿರಬೇಕು. ಖಚಿತ ಮಾಡಿಕೊಳ್ಳಲು, ಪಿನ್ನಿಗೆ ದೂಳು ಹೋಗದಂತೆ ಮುಚ್ಚುವ ಒಂದು ಹಳೇ ರಬ್ಬರ್ ಬೂಟನ್ನು ಎರಡು ತುಂಡು ಮಾಡಿದೆ. ಒಂದನ್ನು ಬೇರಿಂಗ್ ಗ್ರೀಸಿನಲ್ಲಿ, ಇನ್ನೊಂದನ್ನು ಸಿಲಿಕಾನ್ ಗ್ರೀಸಿನಲ್ಲಿ ಮುಳುಗಿಸಿ ಇಪ್ಪತ್ತು ದಿನ ಅಟ್ಟದ ಮೇಲಿಟ್ಟೆ. ಮೊದಲನೆಯದು ಮೆತ್ತಗಾಗಿ ಉಬ್ಬಿತ್ತು, ಎರಡನೆಯದು ಹಾಗೇ ಇತ್ತು.

ಎರಡನೇ ಸಲ ಪಿನ್ ಕಿಟ್ಟೇ ತಂದೆ: ಪಿನ್, ರಬ್ಬರ್, ಬೂಟ್ ಎಲ್ಲ ಸೇರಿ 400ರ ಒಳಗೆ. ಸಿಲಿಕಾನ್ ಗ್ರೀಸ್ ಸಣ್ಣ ಟ್ಯೂಬ್ 250. ಹೊಸ ಪ್ಯಾಡ್ ಸೇರಿಸಿದರೂ 1,900 ದಾಟಲಿಲ್ಲ. ಕ್ಯಾಲಿಪರ್ ಬದಲಾಯಿಸಲು ಕೇಳಿದ್ದು ಒಂದಕ್ಕೇ 5,500! ತೂತಿನ ತಳದಲ್ಲಿ ಗಟ್ಟಿಯಾಗಿ ಕೂತ ಹಳೇ ಗ್ರೀಸನ್ನು ಗೋಡೆಗೆ ಗೀರು ಬೀಳದಂತೆ ತೆಗೆಯುವುದೇ ಕಷ್ಟದ ಕೆಲಸ. ಅದಕ್ಕೆ ನಾನೇ ಒಂದು ಸಾಧನ ಮಾಡಿಕೊಂಡಿದ್ದೇನೆ. ಅದರ ವಿವರ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಗ್ರೀಸ್ ಮಾತ್ರ ತೆಳ್ಳಗೆ ಬಳಿಯಿರಿ. ಜಾಸ್ತಿ ತುಂಬಿದರೆ ಒಳಗೆ ಗಾಳಿ ಸಿಕ್ಕಿಕೊಂಡು ಪಿನ್ ಹೊರಗೆ ತಳ್ಳುತ್ತದೆ. ರಬ್ಬರ್ ಇರುವ ಪಿನ್ ಯಾವ ತೂತಿನದು ಅಂತ ಬಿಚ್ಚುವ ಮೊದಲೇ ಫೋಟೋ ತೆಗೆದುಕೊಳ್ಳಿ.

ಇದೆಲ್ಲ, ಕ್ಯಾಲಿಪರ್ ಒಳಗಿಂದ ಪ್ಯಾಡನ್ನು ತಳ್ಳುವ ಪಿಸ್ಟನ್ ಚೆನ್ನಾಗಿದ್ದರೆ ಮಾತ್ರ. ಸಿ-ಕ್ಲ್ಯಾಂಪ್‌ನಲ್ಲಿ ಒತ್ತಿದಾಗ ನನ್ನದು ಸಲೀಸಾಗಿ ಒಳಗೆ ಹೋಯಿತು. ಅದು ಬಿಗಿಯಾಗಿದ್ದರೆ, ಸುತ್ತ ಎಣ್ಣೆ ಒಸರಿದ್ದರೆ ಪಿನ್ ತಂಟೆಗೆ ಹೋಗಬೇಡಿ, ಆಗ ಕ್ಯಾಲಿಪರಿನದೇ ಕೆಲಸ. ಡಿಸ್ಕ್ ಹಿಂದಿನ ತಗಡನ್ನೂ ಒಮ್ಮೆ ನೋಡಿ. ಗೆಳೆಯರೊಬ್ಬರ ಕಾರಿನಲ್ಲಿ ಇದೇ ಸದ್ದಿಗೆ ಕಾರಣ, ತಗಡಿಗೂ ಡಿಸ್ಕ್‌ಗೂ ನಡುವೆ ಸಿಕ್ಕಿದ್ದ ಕಡಲೆಕಾಳಿನಷ್ಟು ಜಲ್ಲಿ. ಸ್ಕ್ರೂಡ್ರೈವರ್‌ನಿಂದ ಎಬ್ಬಿದೆ, ಐದು ನಿಮಿಷದ ಕೆಲಸ.

ಗನ್ ಹಿಡಿಯುವವರಿಗೆ ಒಂದು ಮಾತು. ಡಿಸ್ಕ್ ಹೊಳೆಯುವ ಕಡೆ ಲೆಕ್ಕ ಕಡಿಮೆ ತೋರಿಸುತ್ತದೆ. ನಾನು ಯಾವಾಗಲೂ ತುಕ್ಕು ಹಿಡಿದ ಅಂಚಿಗೇ ಹಿಡಿಯುತ್ತೇನೆ, ಎರಡೂ ಕಡೆ. ಅದೇ ಘಾಟಿಯನ್ನು ಒಮ್ಮೆ ನಾಲ್ಕನೇ ಗೇರಿನಲ್ಲಿ ಬ್ರೇಕ್ ಮೇಲೇ ಇಳಿದೆ, ಇನ್ನೊಮ್ಮೆ ಎರಡು-ಮೂರನೇ ಗೇರಿನಲ್ಲಿ ಇಳಿದೆ. ಡಿಸ್ಕ್ ಬಿಸಿಯಲ್ಲಿ 60 ಡಿಗ್ರಿಯಾದರೂ ವ್ಯತ್ಯಾಸ ಬಂತು.

ಈಗ ಪ್ರತಿವರ್ಷ ಮೃಗಶಿರ ಮಳೆ ಹಿಡಿಯುವ ಮೊದಲು ನಾಲ್ಕೂ ಪಿನ್ ಬಿಚ್ಚಿ, ಒರೆಸಿ, ಗ್ರೀಸ್ ಬಳಿದು ಹಾಕುತ್ತೇನೆ. ಹೋದ ಸಲ ಅಳೆದಾಗ ಬಲಗಡೆ ಒಳಪ್ಯಾಡ್ 6 ಮಿಲಿಮೀಟರ್, ಹೊರಪ್ಯಾಡ್ ಆರೂವರೆ ಇತ್ತು.